ಮಾಯವಾಗುವ ಮಾಳಿಂಗಪ್ಪ ಮಾವ

ಹೆಂಡತಿಯ ತವರಿನವರ ಮುಂದೆ ಜಾಣತನ ತೋರಿಸಬಾರದೆಂದು ಗಂಡಸರಿಗೆಲ್ಲ ಮದುವೆಗೆ ಮೊದಲೇ ಯಾರಾದರೂ ಹೇಳಿಕೊಡಬೇಕು. ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ತೊಂಬತ್ತೊಂಬತ್ತನೇ ಇಸವಿಯಲ್ಲಿ ಸಿಂಧನೂರಿನಲ್ಲಿ ಸ್ವಂತ ಸರ್ವರ್ ಇಟ್ಟಿದ್ದ ಡಿಟಿಪಿ ಅಂಗಡಿಯವನು ನಾನೊಬ್ಬನೇ ಎಂಬುದು ನನ್ನ ನಂಬಿಕೆಯಾಗಿತ್ತು. ಅಂಥವನಿಗೆ ತಲೆ ನೆಟ್ಟಗೆ ನಿಲ್ಲುವುದು ಕಷ್ಟ.

ಅಂಗಡಿಯ ಹೆಸರು ‘ಗ್ಯಾನಮ್ಮ ಡಿಟಿಪಿ ಸೆಂಟರ್’. (ಹೆಸರು ಹೆಂಡತಿಯದು, ದುಡಿಮೆ ಮುದುಕಪ್ಪನಾದ ನನ್ನದು. ಹೆಂಡತಿಯನ್ನು ಕೇಳಿದರೆ ಎರಡೂ ಅವಳದೇ ಎನ್ನುತ್ತಾಳೆ.) ಮಸ್ಕಿಯಲ್ಲಿ ಅತ್ತೆ ಅಯ್ಯಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ನಮ್ಮದೊಂದು ಶಾಖೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು ನನ್ನ ಹೆಂಡತಿಯ ತಮ್ಮ ಗದ್ದೆಪ್ಪ. ಅವನ ಕಂಪ್ಯೂಟರಿಗೂ ನನ್ನ ಸರ್ವರಿಗೂ ಟೆಲಿಫೋನ್ ತಂತಿಯ ಮೂಲಕ ನಾನು ಗಂಟು ಹಾಕಿದ್ದೆ. ಎರಡೂ ಕಡೆಯ ಫೈಲುಗಳನ್ನು ಒಂದೇ ಥರ ಇಡುವ ಸಾಫ್ಟ್‌ವೇರ್ ಒಂದನ್ನು ಹೈದರಾಬಾದಿನಿಂದ ತಂದಿದ್ದೆ. ಸಂಜೆ ಅಂಗಡಿ ಮುಚ್ಚುವ ಮೊದಲು ‘ಸಿಂಕ್’ ಎಂಬ ಗುಂಡಿ ಒತ್ತಿದರೆ ಮೋಡೆಮ್ಮು ಹೊಟ್ಟೆನೋವಿನ ಕೂಸಿನಂತೆ ಚೀರಿ, ಮಸ್ಕಿಯಲ್ಲಿದ್ದದ್ದು ಇಲ್ಲಿಗೆ, ಇಲ್ಲಿದ್ದದ್ದು ಮಸ್ಕಿಗೆ ಹೋಗುತ್ತಿತ್ತು. ಒಂದೇ ಫೈಲು ಎರಡು ಕಡೆ ಬೇರೆ ಬೇರೆಯಾಗಿದ್ದರೆ ಯಾವುದರ ತಾರೀಖು ಹೊಸದೋ ಅದು ಉಳಿಯುತ್ತದೆ, ಹಳೆಯದು ಅಳಿಯುತ್ತದೆ. ಇಷ್ಟೇ ಅದರ ಧರ್ಮಶಾಸ್ತ್ರ.

ಇದನ್ನು ಹೆಂಡತಿಗೆ ಅಡುಗೆಮನೆಯ ಭಾಷೆಯಲ್ಲಿ ವಿವರಿಸಲು ಹೋದೆ.

"ನೋಡು, ನೀ ಇಲ್ಲಿ ಸಾರಿಗೆ ಉಪ್ಪು ಹಾಕಿದಿ ಅಂದ್ರ ಮಸ್ಕ್ಯಾಗ ನಿಮ್ಮವ್ವನ ಸಾರಿಗೂ ತಾನ ಉಪ್ಪು ಬೀಳ್ತದ."

"ಹಂಗಾದ್ರ ನಮ್ಮವ್ವ ಹೋಳಿಗಿ ಮಾಡಿದ್ರ ಇಲ್ಲಿಗೆ ಬರ್ತಾವೇನ್ರಿ?"

"ಹೋಳಿಗಿ ಬರಂಗಿಲ್ಲ."

"ಮತ್ತ ಯಾತಕ್ಕ ಬಂತ್ರಿ ನಿಮ್ಮ ಸಿಂಕು?"

ಹೀಗೆ ವಿಜ್ಞಾನಕ್ಕೆ ನಮ್ಮ ಮನೆಯಲ್ಲಿ ಮರ್ಯಾದೆಯಿರಲಿಲ್ಲ. ಊರಲ್ಲಿ ಮಾತ್ರ ಬೇಕಾದಷ್ಟಿತ್ತು. ಎರಡು ಸಾವಿರದ ಇಸವಿ ಬಂದೊಡನೆ ಕಂಪ್ಯೂಟರುಗಳಿಗೆಲ್ಲ ತಾರೀಖು ತಪ್ಪಿ ಜಗತ್ತೇ ಮುಳುಗುತ್ತದೆ ಎಂಬ ಸುದ್ದಿ ಆಗ ಪೇಪರಿನ ತುಂಬ. ಚಹಾದಂಗಡಿಯಲ್ಲಿ ಕೂತು, ತಾರೀಖಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂದು ಭತ್ತದ ವ್ಯಾಪಾರಿಗಳಿಗೆ ನಾನು ಉಪನ್ಯಾಸ ಕೊಡುತ್ತಿದ್ದೆ. ಚಹಾದ ದುಡ್ಡು ಅವರೇ ಕೊಡುತ್ತಿದ್ದರು.

ಅಷ್ಟರಲ್ಲಿ ನಾದಿನಿ ಯಮನೂರಮ್ಮನ ಮದುವೆ ಗೊತ್ತಾಯಿತು. ಶ್ರಾವಣ ಹುಟ್ಟಿದ ಕೂಡಲೇ ಮುಹೂರ್ತ. ಲಗ್ನಪತ್ರಿಕೆಯ ಜವಾಬ್ದಾರಿ ನನ್ನದೆಂದು ಯಾರೂ ಕೇಳುವ ಮೊದಲೇ ಎದೆ ತಟ್ಟಿಕೊಂಡೆ. ತಕರಾರು ತೆಗೆದವರು ಅತ್ತೆ.

"ಆಷಾಡದಾಗ ಲಗ್ನಪತ್ರ ಬರೀಬಾರ್ದು ಮುದುಕಪ್ಪ. ಶ್ರಾವಣ ಬರ್ಲಿ."

"ಶ್ರಾವಣದಾಗ ಬರದು ಯಾವಾಗ ಹಂಚ್ತೀರಿ ಅತ್ತಿ, ತೊಟ್ಲದ ಹೊತ್ತಿಗೇನು? ಕಂಪ್ಯೂಟರಿಗೆ ಆಷಾಡ ಎಲ್ಲಿ ಗೊತ್ತೈತಿ? ನಾವು ಶ್ರಾವಣ ಅಂದ್ರ ಅದಕ್ಕ ಶ್ರಾವಣ, ಯುಗಾದಿ ಅಂದ್ರ ಯುಗಾದಿ!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಪಾಪ, ಅವರಿಗೆ ತಿಳಿಯಲಿಲ್ಲ ಎಂದುಕೊಂಡೆ. ಮರುದಿನವೇ ಅವರು ಒಪ್ಪಿಗೆ ಕೊಟ್ಟರು. ಗದ್ದೆಪ್ಪ ಮಸ್ಕಿಯಲ್ಲಿ ಪತ್ರಿಕೆ ಟೈಪು ಮಾಡಿದ. ಸಂಜೆಯ ಸಿಂಕಿನಲ್ಲಿ ಅದು ಸಿಂಧನೂರಿಗೆ ಬಂತು.

ಬಾಳೆಕಂಬದ ಬಾರ್ಡರು, ಮೇಲೆ ಗಣಪತಿ, ಎಲ್ಲ ಚೆನ್ನಾಗಿತ್ತು. ಹೆಂಡತಿ ಕಣ್ಣಾಡಿಸಿ ಕಿರುಚಿದಳು.

"ಮಾಳಿಂಗಪ್ಪ ಮಾವನ ಹೆಸರು ಎಲ್ಲೈತ್ರಿ?"

ಗದ್ದೆಪ್ಪ ಅವಸರದಲ್ಲಿ ಅದೊಂದನ್ನೇ ಬಿಟ್ಟಿದ್ದ. ಮಾಳಿಂಗಪ್ಪನವರು ಅತ್ತೆಯ ಅಣ್ಣ, ಸಂತೆಕಲ್ಲೂರಿನವರು, ಮದುಮಗಳ ಸೋದರಮಾವ. ಅವರು ಕೈಹಿಡಿದು ಕರೆತರದೆ ಆ ಮನೆಯ ಹೆಣ್ಣು ಹಂದರದೊಳಗೆ ಕಾಲಿಡುವಂತಿಲ್ಲ. ಅವರ ಹೆಸರು ಬಿಟ್ಟರೆ ಅವರು ಬರುವುದಿಲ್ಲ, ಅವರು ಬರದಿದ್ದರೆ ಮದುವೆಯಿಲ್ಲ. ಅದರ ಮೇಲೆ, ನನಗೂ ಅವರಿಗೂ ಅಷ್ಟಕ್ಕಷ್ಟೇ ಎಂದು ಇಡೀ ಬಳಗಕ್ಕೆ ಗೊತ್ತಿತ್ತು. ನನ್ನ ಸರ್ವರನ್ನು ಮೊದಲ ಸಲ ನೋಡಿದಾಗ ಅವರು, "ಸಿನಿಮಾ ಬರಲಾರದ ಟೀವಿಗೆ ಇಷ್ಟು ರೊಕ್ಕ ಸುರದಿಯೇನಪ್ಪ?" ಎಂದು ಹತ್ತು ಮಂದಿಯೆದುರು ಕೇಳಿದ್ದರು. ಅಂಥ ಮಾತು ಮರೆಯಲಾಗುತ್ತದೆಯೇ?

ಆದರೂ ನಾನು ದೊಡ್ಡ ಮನಸ್ಸು ಮಾಡಿ ಅವರ ಹೆಸರು ಟೈಪಿಸಿ, ಸಿಂಕ್ ಒತ್ತಿ ಮನೆಗೆ ಹೋದೆ. ಬೆಳಿಗ್ಗೆ ತೆಗೆದು ನೋಡಿದರೆ ಹೆಸರಿಲ್ಲ.

"ನಿನ್ನಿ ಹಾಕೀನಿ ಅಂದ್ರಿ."

"ಹಾಕಿದ್ನಲ್ಲ!"

"ಹಾಕಿದ್ದು ಎಲ್ಲಿ ಹೋತು? ಇಲಿ ತಿಂದ್ವೇನು?"

ಮತ್ತೆ ಹಾಕಿದೆ. ಮತ್ತೆ ಮಾಯ. ಗಣಪತಿ ಇದ್ದ, ಬಾಳೆಕಂಬ ಇತ್ತು, ಬಳಗದವರೆಲ್ಲ ಸಾಲಾಗಿ ನಿಂತಿದ್ದರು, ಮಾಳಿಂಗಪ್ಪನವರು ಮಾತ್ರ ಎದ್ದು ಹೋಗಿರುತ್ತಿದ್ದರು. ವೈರಸ್ ಇರಬೇಕೆಂದು ಫ್ಲಾಪಿ ಹಾಕಿ ಹುಡುಕಿದೆ, ವೈರಸ್ ಇರಲಿಲ್ಲ. ಮೋಡೆಮ್ ಬಿಚ್ಚಿ ಊದಿದೆ, ಧೂಳು ನನ್ನ ಕಣ್ಣಿಗೇ ಬಿತ್ತು. ಟೆಲಿಫೋನ್ ವೈರು ಬದಲಿಸಿದೆ. ಸರ್ವರನ್ನು ಆರಿಸಿ, ಅದಕ್ಕೆ ವಿಶ್ರಾಂತಿ ಕೊಟ್ಟು, ಮತ್ತೆ ಎಬ್ಬಿಸಿದೆ. ಸಾಫ್ಟ್‌ವೇರ್ ತನ್ನ ದಿನಚರಿಯಲ್ಲಿ ಮಾತ್ರ ಎಲ್ಲವೂ ಸುಸೂತ್ರ, ಒಂದು ತಪ್ಪೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿತ್ತು. ಆ ಒಂದು ಸಾಲು ಓದಿ ನಾನು ಮುಂದೆ ಓದುತ್ತಿರಲಿಲ್ಲ. ಹೊಗಳಿಕೆಯನ್ನು ಯಾರು ಪರೀಕ್ಷಿಸುತ್ತಾರೆ?

ಹೆಂಡತಿಯ ಮುಖ ದಿನದಿನಕ್ಕೆ ಬಿಗಿಯಾಯಿತು.

"ಖರೆ ಹೇಳ್ರಿ. ಟೀವಿ ಅಂದಿದ್ದ ಸಿಟ್ಟು ಇನ್ನೂ ಇಟ್ಕೊಂಡೀರಿ. ನೀವಽ ತಗೀತೀರಿ."

"ನಾ ಯಾಕ ತಗೀಲೇ?"

"ಗಂಡಸರು ಅಂದ್ರ ಹಂಗಽ. ಬಾಯಿಲೆ ನಗೋದು, ಕೈಲೆ ಅಳಸೋದು."

ಗಾಳಿಸುದ್ದಿಗೆ ಮೋಡೆಮ್ ಬೇಕಿಲ್ಲ. ಮರುದಿನ ಸಂತೆಕಲ್ಲೂರಿನ ಬಸ್ಸಿನಿಂದ ಮಾಳಿಂಗಪ್ಪನವರೇ ಇಳಿದರು. ಅಂಗಡಿಗೆ ಬಂದು, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕೊಟ್ಟ ಚಹಾ ಮುಟ್ಟಲಿಲ್ಲ. ನಮ್ಮ ಕಡೆ ಚಹಾ ಮುಟ್ಟದವರು ಮುಂದೆ ಏನನ್ನೂ ಮಾಡಬಲ್ಲರು. ನನಗೆ ನಿಜಕ್ಕೂ ಭಯವಾಯಿತು.

"ಮಾವಾ, ಹಾಳಿ ಮ್ಯಾಲಿನ ಹೆಸರು ಏನ್ ದೊಡ್ಡದ್ರೀ? ನಮ್ಮ ಎದ್ಯಾಗ ನಿಮ್ಮ ಹೆಸರೈತಿ," ಎಂದೆ.

"ಎದಿ ಯಾರು ತಗದು ನೋಡ್ತಾರಪ್ಪ? ಹಾಳಿ ಎಲ್ಲಾರೂ ಓದ್ತಾರ."

ಅವರ ಕಣ್ಣೆದುರೇ ಮಾಡಿ ತೋರಿಸಿ ಕಳಂಕ ತೊಳೆದುಕೊಳ್ಳಲು ನಿರ್ಧರಿಸಿದೆ. ಅವರ ಕುರ್ಚಿಯನ್ನು ಪರದೆಯ ಎದುರಿಗೆ ಎಳೆದೆ. ‘ಶ್ರೀ ಮಾಳಿಂಗಪ್ಪನವರು, ಮಾಜಿ ಪಂಚಾಯಿತಿ ಸದಸ್ಯರು, ಸಂತೆಕಲ್ಲೂರು’ ಎಂದು ದಪ್ಪ ಅಕ್ಷರದಲ್ಲಿ ಹೊಡೆದೆ. ಅವರ ಮೀಸೆ ತುಸು ಸಡಿಲವಾಯಿತು. ಚಹಾದ ಕಡೆ ಕೈಯೂ ಹೋಯಿತು.

"ಈಗ ನೋಡ್ರಿ, ಈ ಗುಂಡಿ ಒತ್ತಿದ್ರ ನಿಮ್ಮ ಹೆಸರು ಮಸ್ಕಿಗೂ ಹೋಗ್ತದ!" ಎಂದು ಫೈಲು ಮುಚ್ಚಿ ಸಿಂಕ್ ಒತ್ತಿದೆ. ಮೋಡೆಮ್ ಚೀರಿ ಸುಮ್ಮನಾಯಿತು. ಫೈಲು ತೆರೆದೆ.

ಹೆಸರಿಲ್ಲ.

"ಹೋತು," ಎಂದರು ಮಾಳಿಂಗಪ್ಪನವರು. "ಮಸ್ಕಿಗಲ್ಲ, ಮಸಣಕ್ಕ ಹೋತು." ಅವರು ಚಹಾ ಕೆಳಗಿಟ್ಟು ರುಮಾಲು ಸುತ್ತಿಕೊಳ್ಳತೊಡಗಿದರು.

ಅವರ ಕಾಲು ಹಿಡಿಯುವುದೊಂದು ಬಾಕಿಯಿತ್ತು. ಆಗ ಹಿಂದೆ ನಿಂತಿದ್ದ ಹೆಂಡತಿ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು.

"ಇದೇನ್ರಿ, ಈ ಫೈಲಿನ ಮುಂದ ಆಗಸ್ಟ್ ಅಂತ ಐತಿ? ನಮ್ಮ ಗ್ವಾಡಿ ಕ್ಯಾಲೆಂಡರಿನ್ಯಾಗ ಇನ್ನೂ ಜುಲೈ ನೇತಾಡಾಕತ್ತೈತಿ."

ನೋಡಿದೆ. ಖರೆಯೇ. ಮಸ್ಕಿಯಿಂದ ಬಂದ ಫೈಲಿಗೆ ಮುಂದಿನ ತಿಂಗಳ ತಾರೀಖು. ನಾನು ಜುಲೈಯಲ್ಲಿ ಎಷ್ಟು ಸಲ ತಿದ್ದಿದರೂ ಆಗಸ್ಟಿನ ಫೈಲೇ ಹೊಸದೆಂದು ಸಾಫ್ಟ್‌ವೇರ್ ನಂಬಿ, ನನ್ನ ತಿದ್ದುಪಡಿಯನ್ನು ಒರೆಸಿ ಹಾಕುತ್ತಿತ್ತು. ಕೂಡಲೇ ಗದ್ದೆಪ್ಪನಿಗೆ ಫೋನು ಹಚ್ಚಿದೆ.

"ಲೇ, ನಿನ್ನ ಕಂಪ್ಯೂಟರಿನ ತಾರೀಖು ಹಾಳಾಗೇತಿ!"

"ಹಾಳಾಗಿಲ್ಲ ಮಾಮಾ. ಅವ್ವ ಮಾಡ್ಸ್ಯಾಳ. ತಡೀರಿ, ಕೊಡ್ತೀನಿ."

ಫೋನಿನಲ್ಲಿ ಅತ್ತೆಯ ದನಿ ಸ್ಪಷ್ಟವಾಗಿ ಬಂತು. ಪಕ್ಕದಲ್ಲಿ ಕೂತಿದ್ದ ಮಾಳಿಂಗಪ್ಪನವರಿಗೂ ಕೇಳಿಸುವಷ್ಟು. "ನೀವಽ ಹೇಳಿದ್ರಲ್ಲ, ನಾವು ಶ್ರಾವಣ ಅಂದ್ರ ಅದಕ್ಕ ಶ್ರಾವಣ ಅಂತ? ಅದಕ್ಕಽ ಪೆಟ್ಟಿಗ್ಯಾಗ ಶ್ರಾವಣ ತಂದು, ಪೂಜಿ ಮಾಡಿ, ಆಮ್ಯಾಲ ಲಗ್ನಪತ್ರ ಬರಸೀನಿ. ತಪ್ಪಾತೇನು?"

ಮಾಳಿಂಗಪ್ಪನವರು ಉಳಿದ ಚಹಾ ಎತ್ತಿ ಸೊರ್ರೆಂದು ಕುಡಿದರು. ಅಂದರೆ ಕ್ಷಮೆ ಸಿಕ್ಕಿತು.

"ಹಂಗಾದ್ರ ಹೆಸರು ಗದ್ದೆಪ್ಪನ ಕೈಲೆ ಅಲ್ಲೇ ಹಾಕಿಸಿದ್ರ ಮುಗೀತಲ್ರಿ?" ಎಂದಳು ಹೆಂಡತಿ.

"ಅಷ್ಟು ಸರಳ ಇಲ್ಲ. ರೋಗ ಬೇರಿಂದ ಕೀಳಬೇಕು," ಎಂದು ನಾನು ಸ್ಕ್ರೂಡ್ರೈವರ್, ಫ್ಲಾಪಿಗಳ ಡಬ್ಬಿ ಹಿಡಿದು ಮಸ್ಕಿಯ ಬಸ್ಸು ಹತ್ತಿದೆ. (ತಾರೀಖು ಬದಲಿಸಲು ಸ್ಕ್ರೂಡ್ರೈವರ್ ಬೇಕಿಲ್ಲ. ಆದರೆ ಅಳಿಯ ಬರಿಗೈಲಿ ಹೋಗಬಾರದು.)

ಅತ್ತೆ ಕಂಪ್ಯೂಟರ್ ಮುಟ್ಟಗೊಡಲಿಲ್ಲ.

"ಬಂದ ಶ್ರಾವಣ ಹಿಂದಕ ಕಳಸಬಾರ್ದು. ಹುಡುಗಿ ಲಗ್ನ ಐತಿ. ಮೊದ್ಲು ಊಟ ಮಾಡ್ರಿ."

ಒಳಗೆ ಕೂತು ರೊಟ್ಟಿ, ಎಣ್ಣೆಗಾಯಿಯ ಜೊತೆ ವಾದ ಮಾಡಿದೆ. ಜಗತ್ತು, ಇಸವಿ, ಕಾಲಗಣನೆ, ಎಲ್ಲ ಹೇಳಿದೆ. ಅವರು ಇನ್ನೊಂದು ರೊಟ್ಟಿ ಹಾಕಿದರು. ಕಡೆಗೆ ಒಪ್ಪಂದವಾಯಿತು: ಮಸ್ಕಿಯಲ್ಲಿ ಶ್ರಾವಣ ಹಾಗೇ ಇರಲಿ, ಸಿಂಧನೂರಿನ ಸರ್ವರಿಗೂ ನಾನು ಶ್ರಾವಣ ತರುವುದು. ಇದು ನನ್ನದೇ ಯೋಜನೆಯೆಂಬಂತೆ ತಲೆಯಾಡಿಸಿ ಎದ್ದೆ.

ಸಿಂಧನೂರಿನಲ್ಲಿ ಇಳಿದು ಅಂಗಡಿಗೆ ಬಂದರೆ, ಮೇಜಿನ ಮೇಲೆ ಪಕ್ಕದ ಕರೀಂಸಾಬರ ಪ್ರೆಸ್ಸಿನಿಂದ ಬಂದ ಲಗ್ನಪತ್ರಿಕೆಯ ಕಟ್ಟುಗಳು! ನಾನು ಒಳಗೆ ರೊಟ್ಟಿ ಮುರಿಯುತ್ತಿದ್ದಾಗ ಹೆಂಡತಿ ಫೋನು ಮಾಡಿದ್ದಳು, ಗದ್ದೆಪ್ಪ ಮುಂದಿನ ಕೋಣೆಯಲ್ಲೇ ಕೂತು ಹೆಸರು ಹಾಕಿದ್ದ, ಇವಳು ಸಿಂಕ್ ಒತ್ತಿದ್ದಳು, ಪ್ರಿಂಟು ತೆಗೆದು ಪ್ರೆಸ್ಸಿಗೆ ಕೊಟ್ಟಿದ್ದಳು. ಮಾಳಿಂಗಪ್ಪನವರು ಒಂದು ಪತ್ರಿಕೆ ಹಿಡಿದು ಖುಷಿಯಿಂದ ಓದುತ್ತ ಕೂತಿದ್ದರು. ನಾನೂ ಒಂದನ್ನು ಎತ್ತಿಕೊಂಡೆ. ಮಾವನವರು ಎರಡು ಸಾಲು ತುಂಬ ಪವಡಿಸಿದ್ದರು. ಗಣಪತಿ ಇದ್ದ, ಬಾಳೆಕಂಬ ಇತ್ತು, ಬಳಗವೆಲ್ಲ ಇತ್ತು.

ನಾನಿರಲಿಲ್ಲ.

"ಲೇ ಗದ್ದೆಪ್ಪ!" ಎಂದು ಫೋನಿನಲ್ಲಿ ಗುಡುಗಿದೆ.

"ಬಾರ್ಡರಿನ್ಯಾಗ ಜಾಗ ಇದ್ದಿದ್ದಿಲ್ಲ ಮಾಮಾ. ಮಾಳಿಂಗಪ್ಪ ಮಾವನ ಹೆಸರಿಗೆ ಎರಡು ಸಾಲು ಬೇಕಾದ್ವು. ಬ್ಯಾರೆ ಯಾರದು ತಗದ್ರೂ ಊರ ಜಗಳ. ನಿಮ್ದು ತಗದ್ರ ಮನ್ಯಾಗಽ ಮುಗೀತದ ಅಂದ್ಲು ಅಕ್ಕ."

ನಾನು ಹೆಂಡತಿಯ ಕಡೆ ತಿರುಗಿದೆ. ಮದುವೆಗೆ ಬರುವುದಿಲ್ಲ ಎಂದೆ. ದೊಡ್ಡ ಅಳಿಯನಿಗೇ ಮರ್ಯಾದೆಯಿಲ್ಲದ ಹಂದರಕ್ಕೆ ಕಾಲಿಡುವುದಿಲ್ಲ ಎಂದೆ. ನಿಜವಾಗಿಯೂ ನನ್ನ ಕಣ್ಣು ಒದ್ದೆಯಾಗಿತ್ತು. ಮಾಳಿಂಗಪ್ಪನವರು ಎದ್ದು ಬಂದು ನನ್ನ ಬೆನ್ನಮೇಲೆ ಕೈಯಿಟ್ಟರು.

"ಹಾಳಿ ಮ್ಯಾಲಿನ ಹೆಸರು ಏನ್ ದೊಡ್ಡದಪ್ಪ? ನಮ್ಮ ಎದ್ಯಾಗ ನಿನ್ನ ಹೆಸರೈತಿ."

"ಅಷ್ಟಽ ಅಲ್ರಿ," ಎಂದು ಹೆಂಡತಿ ಪತ್ರಿಕೆಯ ಬುಡ ತೋರಿಸಿ ಸಮಾಧಾನ ಮಾಡಿದಳು. "ಇಲ್ಲಿ ನೋಡ್ರಿ, ನಮ್ಮ ಅಂಗಡಿ ಹೆಸರು ಐತಲ್ಲ."

ನೋಡಿದೆ. ಇರುವೆ ಗಾತ್ರದ ಅಕ್ಷರಗಳಲ್ಲಿ ಇತ್ತು: ‘ಅಕ್ಷರ ಜೋಡಣೆ: ಗ್ಯಾನಮ್ಮ, ಸಿಂಧನೂರು.’