ಬೇಸ್‌ಮೆಂಟ್ ರ‍್ಯಾಂಪು ಮತ್ತು ಅಂಗೈಯಗಲದ ಫ್ಯಾನು

ಜಿಗಣಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಬ್ಲೋವರ್ ಪರೀಕ್ಷೆ ಮಾಡುತ್ತಿದ್ದೇನೆ. ಬ್ಲೋವರ್ ಎಂದರೆ ಗಾಳಿ ನೂಕುವ ದೊಡ್ಡ ಫ್ಯಾನು. ಯಾವುದು ಎಷ್ಟು ನೂಕುತ್ತದೆ ಎಂದು ಅಳೆದು ಬರೆಯುವುದೇ ನನ್ನ ಅನ್ನ. ಇಂಥವನ ಹತ್ತಿರ ಜನ ಜಾತಕ ತೋರಿಸುವ ಹಾಗೆ ಫ್ಯಾನು ತಂದು ತೋರಿಸುತ್ತಲೇ ಇರುತ್ತಾರೆ. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಅವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ, ಮುಂದಿನ ವಾರ ಇನ್ನೊಬ್ಬರು ಬರುತ್ತಾರೆ.

೧. ನೀರು ಏರಲಿಲ್ಲ

ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಇಂಜಿನಿಯರ್ ಒಂದು ದಿನ ಅಂಗೈಯಗಲದ ಫ್ಯಾನು ತಂದ. ಮೈಮೇಲೆ ನೀಲಿ ದೀಪ, ಹಿಂದೆ ಎರಡು ವೈರು. ಹೆಸರು ಮಾತ್ರ ಎಲೆಕ್ಟ್ರಿಕ್ ಸೂಪರ್‌ಚಾರ್ಜರ್. ಕಾರಿನ ಇಂಜಿನ್ ಗಾಳಿ ಎಳೆದುಕೊಳ್ಳುವ ಪೈಪಿನ ನಡುವೆ ಇದನ್ನು ಕೂರಿಸಬೇಕಂತೆ. ಗಾಳಿ ಒತ್ತಿ ಒಳಗೆ ಹೋದರೆ ಪೆಟ್ರೋಲು ಜೋರಾಗಿ ಉರಿದು ಕಾರಿಗೆ ಬಲ ಬರುತ್ತದಂತೆ.

ತತ್ವ ಸುಳ್ಳಲ್ಲ. ಹಾಗೆ ಒತ್ತುವ ನಿಜವಾದ ಯಂತ್ರಗಳಿವೆ, ಅವುಗಳ ಬೆಲೆಗೂ ಹಸಿವಿಗೂ ಲೆಕ್ಕವಿಲ್ಲ. ನಾವು ಇದನ್ನು ಪರೀಕ್ಷೆಯ ಪೈಪಿಗೆ ಸಿಕ್ಕಿಸಿದೆವು. ಗಾಳಿಯ ಒತ್ತಡ ಅಳೆಯಲು ನಮ್ಮಲ್ಲಿ ನೀರು ತುಂಬಿದ ಗಾಜಿನ ಕೊಳವೆಯಿದೆ. ನಮ್ಮ ಅತಿ ಚಿಕ್ಕ ಬ್ಲೋವರಿಗೂ ಅದರಲ್ಲಿ ನೀರು ಗೇಣುದ್ದ ಜಿಗಿಯುತ್ತದೆ. ಇದಕ್ಕೆ ರಾಗಿ ಕಾಳಿನಷ್ಟೂ ಏರಲಿಲ್ಲ.

"ಸಾರ್, ಕೊಳವೆ ಕೆಟ್ಟಿದ್ಯಾ?" ಎಂದ.

"ಕೊಳವೆ ಸರಿಯಾಗಿದೆ. ಸಣ್ಣ ಕಾರು ಜೋರಾಗಿ ಓಡುವಾಗ ಸೆಕೆಂಡಿಗೆ ಎರಡು ಕೊಡ ಗಾಳಿ ತಾನಾಗೇ ಕುಡಿಯುತ್ತಪ್ಪ. ನಿನ್ನ ಫ್ಯಾನು ಅದರ ದಾರಿಗೆ ಅಡ್ಡ ನಿಂತು ಚಮಚದಲ್ಲಿ ಬಡಿಸ್ತಿದೆ."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನೋಡಿದರೆ, ಅದನ್ನೇ ಹಿಡಿದು ಬಿಸಿ ಮುದ್ದೆ ಆರಿಸಿಕೊಳ್ಳುತ್ತಿದ್ದ. ಆ ಕೆಲಸದಲ್ಲಿ ಮಾತ್ರ ಫ್ಯಾನು ಪಾಸ್ ಎಂದು ಬರೆದುಕೊಟ್ಟೆ.

೨. ಬಾವಿಯ ಆಳ

ನಾನಿರುವುದು ಚಂದಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಅದು ಎದ್ದಿರುವುದು ನಮ್ಮ ಮನೆ ಓನರ್ ಯಜಮಾನರ ರಾಗಿ ಹೊಲದ ಮೇಲೆ. ಜಮೀನು ಕೊಟ್ಟದ್ದಕ್ಕೆ ಅವರಿಗೆ ಕೆಲವು ಫ್ಲ್ಯಾಟು ಬಂದವು, ಎರಡನೇ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಲು ಒಂದು ಜಾಗವೂ ಬಂತು. ಆ ಜಾಗವನ್ನು ಅವರೇ ಹಟ ಹಿಡಿದು ಆರಿಸಿಕೊಂಡದ್ದು. ಅವರಪ್ಪ ತೋಡಿಸಿದ ಬಾವಿ ಇದ್ದದ್ದು ಅಲ್ಲೇ.

ಅವರದು ಹದಿನಾರು ವರ್ಷದ ಸಣ್ಣ ಕಾರು. ಕಳೆದ ವರ್ಷದಿಂದ ಅದು ಬೇಸ್‌ಮೆಂಟಿನಿಂದ ಮೇಲೆ ಹತ್ತುವ ರ‍್ಯಾಂಪಿನ ಅರ್ಧಕ್ಕೆ ಬಂದು ಉಸ್ಸೆಂದು ನಿಂತುಬಿಡುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಎಲೆಕ್ಟ್ರಾನಿಕ್ ಸಿಟಿಗೆ ಹೊರಟವರೆಲ್ಲ ಹಿಂದೆ ಸಾಲುಗಟ್ಟಿ ಹಾರ್ನ್ ಹೊಡೆಯುವರು. ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ, "ಆರ್ನ್‌ಗೆ ಗಾಡಿ ಅತ್ತಂಗಿದ್ರೆ ನಾನೇ ಒಡೀತಿದ್ದೆ ಕಣ್ರಪ್ಪಾ" ಎನ್ನುವರು.

ಕೊನೆಗೆ ಅಸೋಸಿಯೇಷನ್ನಿನ ಕಾರ್ಯದರ್ಶಿ ಬಂದರು. ದಾವಣಗೆರೆ ಕಡೆಯವರು, ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಮಾತು ಮಾತ್ರ ಮೆತ್ತಗೆ. "ತಪ್ಪು ತಿಳ್ಕೋಬ್ಯಾಡ್ರಿ ಯಜಮಾನ್ರ. ಭಾನುವಾರ ಎಲ್ಲಾರ ಮುಂದ ಒಂದ್ಸಲ ಹತ್ತಿಸಿ ತೋರಸ್ರಿ. ಆಗಲಿಲ್ಲಂದ್ರ ಗಾಡಿ ಗೇಟಿನ ಹೊರಗ ನಿಲ್ಲಿಸಬೇಕಾಗ್ತದ" ಎಂದರು.

ಆ ಸಂಜೆ ಯಜಮಾನರು ನಮ್ಮನೆಗೆ ಬಂದು ಕೂತರು. "ಚಿಕ್ಕೋನಾಗಿದ್ದಾಗ ಅದೇ ಆಳಕ್ಕೆ ಬಾವಿಗಿಳಿದು ಅತ್ತಿ ಬರ್ತಿದ್ದೆ ಸಾರ್. ಈಗ ಅಲ್ಲಿಂದ ನನ್ನ ಗಾಡಿ ಅತ್ತಲ್ಲ ಅಂದ್ರೆ, ನಮ್ಮ ಒಲದಿಂದ ನನ್ನನ್ನೇ ಆಚೆಗಾಕ್ದಂಗೆ ಅಲ್ವಾ?" ಅವರು ಜೇಬಿಗೆ ಕೈಹಾಕಿ, ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ ವಸ್ತುವೊಂದನ್ನು ಮೇಜಿನ ಮೇಲಿಟ್ಟರು. ನೀಲಿ ದೀಪ, ಎರಡು ವೈರು.

ಕೊಳವೆ, ನೀರು, ಕೊಡ, ಚಮಚ, ಎಲ್ಲವನ್ನೂ ವಿವರಿಸಿದೆ. ಗಮನವಿಟ್ಟು ಕೇಳಿ ಎದ್ದು ನಿಂತರು. "ನೀವು ಓದಿರೋರು ಸಾರ್. ನಿಮಗೆ ಮೊದಲಿಂದ್ಲೂ ನಂಬಿಕೆ ಕಮ್ಮಿ."

೩. ಬಾಣಂತಿ

ಶನಿವಾರ ಗ್ಯಾರೇಜಿಗೆ ನನ್ನನ್ನೂ ಕರೆದುಕೊಂಡು ಹೋದರು. ಫ್ಯಾನು ಕೂರಿಸಬೇಕೆಂದರೆ ಗಾಳಿಯ ಪೈಪು ಬಿಚ್ಚಬೇಕು. ಮೆಕ್ಯಾನಿಕ್ ಪೈಪು ಬಿಚ್ಚಿ, ಗಾಳಿ ಸೋಸುವ ಫಿಲ್ಟರಿನ ಡಬ್ಬದ ಮುಚ್ಚಳ ತೆಗೆದವನೇ ಎರಡು ಹೆಜ್ಜೆ ಹಿಂದೆ ಹಾರಿದ.

ಒಳಗೆ ಸಂಸಾರ. ಕಡಲೆಕಾಯಿ ಸಿಪ್ಪೆ, ತೆಂಗಿನ ನಾರು, ಯಜಮಾನರ ಕಳೆದುಹೋಗಿದ್ದ ಕರ್ಚೀಫಿನ ಚೂರು. ನಡುವೆ ಕಣ್ಣು ಬಿಡದ ಐದು ಮರಿಗಳ ಜೊತೆ ಒಂದು ಇಲಿ ಪಿಳಿಪಿಳಿ ನೋಡುತ್ತಿತ್ತು. ಫಿಲ್ಟರಿನ ಅರ್ಧವನ್ನು ಹಲ್ಲಿನಿಂದ ಹಿಂಜಿ ಹಾಸಿಗೆ ಮಾಡಿಕೊಂಡಿತ್ತು. ಈ ಗೂಡಿನ ಸಂದಿಯಿಂದ ಉಸಿರೆಳೆದುಕೊಂಡು ಆ ಇಂಜಿನ್ ಇಷ್ಟು ದಿನ ಅರ್ಧ ರ‍್ಯಾಂಪಾದರೂ ಹತ್ತಿತ್ತಲ್ಲ. ಮೂಗು ಮುಚ್ಚಿಕೊಂಡು ನಾನಾಗಿದ್ದರೆ ಒಂದು ಮಹಡಿಯನ್ನೂ ಹತ್ತುತ್ತಿರಲಿಲ್ಲ.

ಮೆಕ್ಯಾನಿಕ್ ಕೋಲು ಹುಡುಕಿದ. ಯಜಮಾನರು ತಡೆದರು. "ಏಯ್, ಬಾಣಂತಿ ಕಣಪ್ಪ. ಒಡೀಬ್ಯಾಡ." ಫ್ಯಾನು ಬಂದಿದ್ದ ರಟ್ಟಿನ ಡಬ್ಬದಲ್ಲೇ ಆ ಸಂಸಾರವನ್ನು ಜೋಪಾನವಾಗಿ ಇಳಿಸಿ, ಗ್ಯಾರೇಜಿನ ಹಿಂದಿನ ಬೇಲಿಯ ಬುಡದಲ್ಲಿ ಬಿಟ್ಟು ಬಂದರು. ಮೆಕ್ಯಾನಿಕ್ ಹೊಸ ಫಿಲ್ಟರ್ ಹಾಕಿದ, ಆಮೇಲೆ ಫ್ಯಾನನ್ನೂ ಕೂರಿಸಿದ.

"ಯಜಮಾನ್ರೇ, ಕಾಯಿಲೆ ಸಿಕ್ಕಿತಲ್ಲ. ಇನ್ನು ಫ್ಯಾನು ಯಾಕೆ?" ಎಂದೆ.

"ಫ್ಯಾನ್ ಆಕ್ಸಕ್ಕೆ ಬಂದಿದ್ದಕ್ಕೆ ತಾನೇ ಸಾರ್ ಇಲಿ ಸಿಕ್ಕಿದ್ದು? ಇನ್ನೂ ವೈರೇ ಕೊಟ್ಟಿರ್ಲಿಲ್ಲ, ಆಗ್ಲೇ ಕೆಲಸ ಸುರು ಮಾಡ್ತು."



೪. ಭಾನುವಾರ

ರ‍್ಯಾಂಪಿನ ಮೇಲುಗಡೆ ಅರ್ಧ ಅಪಾರ್ಟ್‌ಮೆಂಟು ಸೇರಿತ್ತು. ಕೆಳಗೆ ಯಜಮಾನರ ಹೆಂಡತಿ ಕಾರಿಗೆ ಕುಂಕುಮವಿಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ತಂಗಿಯನ್ನೂ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತರು. "ಖಾಲಿ ಗಾಡಿ ಅತ್ತಿಸಿದ್ರು ಅಂತ ನಾಳೆ ಯಾರೂ ಅನ್ನಬಾರ್ದು" ಎಂದರು. ನಾನು ಮುಂದೆ ಕೂತೆ. ಯಜಮಾನರು ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಗಾಡಿ ಬಿಟ್ಟರು.

ನಿಂಬೆಹಣ್ಣು ಪಚಕ್ಕೆಂದವು. ಕಾರು ಅರ್ಧಕ್ಕೆ ಬಂತು, ಯಾವಾಗಲೂ ನಿಲ್ಲುತ್ತಿದ್ದ ತಿರುವು ದಾಟಿತು, ಒಂದೇ ಉಸಿರಿಗೆ ಬಿಸಿಲಿಗೆ ಬಂದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಬಾನೆಟ್ ತೆಗೆದು ನೋಡಿದವರೆಲ್ಲ ಹೊಗಳಿದ್ದು ಮಾತ್ರ ಫ್ಯಾನನ್ನು.

ನನ್ನ ವೃತ್ತಿಯ ಮಾನ ಕೆರಳಿತು. ಫ್ಯಾನಿನ ಎರಡೂ ವೈರುಗಳನ್ನು ಬ್ಯಾಟರಿಯಿಂದ ಕಿತ್ತು ಹಿಡಿದೆ. "ಈಗ ಇನ್ನೊಂದು ಸಲ ಹತ್ತಿಸಿ ಯಜಮಾನ್ರೇ."

ಅವರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು. "ಗೆದ್ದಾಯ್ತಲ್ಲ ಸಾರ್. ಈಗ ನಿಂತೋದ್ರೆ ಗೇಟಾಚೆಗೇ ಓಗ್ಬೇಕು." ಅವರು ಹೇಳಿದ್ದು ಸರಿ, ನನ್ನ ಹಟಕ್ಕೆ ಅವರ ಜಾಗ ಪಣವಾಗಿತ್ತು. ವೈರು ಮತ್ತೆ ಸಿಕ್ಕಿಸಲು ಹೊರಟೆ. ಅಷ್ಟರಲ್ಲಿ ಅವರ ಹೆಂಡತಿ ಸೀಟಿನಿಂದಲೇ, "ನಡೀರಿ, ನಮ್ಮ ಗಾಡಿ ಏನು ಅಂತ ನಮಗಾದ್ರೂ ಗೊತ್ತಾಗ್ಲಿ" ಎಂದರು.

ನಾನು ವೈರು ಹಾಗೇ ಬಿಟ್ಟು ಬಾನೆಟ್ ಮುಚ್ಚಿದೆ, ಅವರು ಕಾರನ್ನು ಕೆಳಗಿಳಿಸಿದರು. ಕೆಳಗಿನಿಂದ ಸದ್ದು ಮಾತ್ರ ಕೇಳುತ್ತಿತ್ತು. ನಾನು ಉಗುರು ಕಚ್ಚುತ್ತಾ ನಿಂತೆ. ಕಾರು ತಿರುವಿನಲ್ಲಿ ಕಾಣಿಸಿಕೊಂಡು, ಮೊದಲಿನಷ್ಟೇ ಸಲೀಸಾಗಿ ಹತ್ತಿ ಬಂತು. ಬಾನೆಟ್ ತೆಗೆಸಿ ಆಕ್ಸಿಲರೇಟರ್ ಒತ್ತಲು ಹೇಳಿದೆ. ಆಗ ಕಂಡದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ವೈರುಗಳು ಜೋತಾಡುತ್ತಿದ್ದವು, ಫ್ಯಾನಿನ ನೀಲಿ ದೀಪ ಮಾತ್ರ ಉರಿಯುತ್ತಿತ್ತು. ಇಂಜಿನ್ ಗಾಳಿ ಎಳೆದುಕೊಳ್ಳುವ ರಭಸಕ್ಕೆ ಫ್ಯಾನು ತಾನಾಗೇ ಗಿರ್ರನೆ ಸುತ್ತಿ, ಅದರ ಮೋಟರೇ ಕರೆಂಟು ಹುಟ್ಟಿಸುತ್ತಿತ್ತು. ಇಷ್ಟು ವರ್ಷ ಫ್ಯಾನು ಗಾಳಿಯನ್ನು ಓಡಿಸುವುದನ್ನು ನೋಡಿದ್ದ ನನಗೆ, ಒಂದು ಮುದಿ ಕಾರಿನ ಉಸಿರು ಫ್ಯಾನನ್ನೇ ಓಡಿಸುವುದನ್ನು ನೋಡಿ ಮೈ ಜುಮ್ಮೆಂದಿತು.

"ಅಂದ್ರೆ ಅತ್ತಿದ್ದು ನಮ್ಮ ಗಾಡೀನೇ?" ಯಜಮಾನರು ಮೆಲ್ಲಗೆ ಕೇಳಿದರು.

"ನಿಮ್ಮ ಗಾಡೀನೇ. ಫ್ಯಾನಿಗೂ ಅದೇ ಅನ್ನ ಹಾಕ್ತಿದೆ."

ಅವರ ಕಣ್ಣು ತುಂಬಿತು. ಎತ್ತಿನ ಮೈ ತಟ್ಟುವ ಹಾಗೆ ಬಾನೆಟ್ ತಟ್ಟಿದರು. ಆಮೇಲೆ ಫ್ಯಾನನ್ನು ಬಿಚ್ಚಿಸಿ, ಪಂಚೆಯ ಅಂಚಿನಿಂದ ಒರೆಸಿ, ಕಾರ್ಯದರ್ಶಿಗಳ ಮುಂದೆ ಹಿಡಿದರು. "ತಗೊಳ್ಳಿ ಸಾರ್. ನಮಗಿದು ಬ್ಯಾಡ. ಬಲ ಕಮ್ಮಿ ಇರೋ ಗಾಡಿಗೆ ಆಗ್ತದೆ."

ಕಾರ್ಯದರ್ಶಿಗಳ ಕಾರು ಹೊಚ್ಚಹೊಸದು, ಪೂರ್ತಿ ಬ್ಯಾಟರಿಯದು. ಅದರಲ್ಲಿ ಇಂಜಿನ್ನೂ ಇಲ್ಲ, ಗಾಳಿಯ ಪೈಪೂ ಇಲ್ಲ. ಅವರು ಫ್ಯಾನನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ನನ್ನನ್ನು ಕಂಬದ ಮರೆಗೆ ಕರೆದು ಕೇಳಿದರು.

"ಸರ, ನಮ್ಮ ಗಾಡ್ಯಾಗ ಇದನ್ನ ಎಲ್ಲಿ ಕೂಡಿಸೂದ್ರಿ?"