ಕೊನೆಯ ಮನೆಯ ಹೊರಗಿನ ಲೈಟು

ಜೂನ್ ಹದಿನಾಲ್ಕು, ಶನಿವಾರ, ಸಂಜೆ ಏಳು ಗಂಟೆ ಹತ್ತು ನಿಮಿಷ. ನನ್ನ ಮನೆಯ ಹೊರಗಿನ ಲೈಟು ಮೊದಲ ಸಲ ಹತ್ತಿದ್ದು ಆಗ. ನನ್ನ ಆಯ್ಕೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಕೊಟ್ಟೂರಿನ ರೈಲ್ವೆ ಗೇಟು ದಾಟಿದ ಮೇಲೆ ಸಿಗುವ ಹೊಸ ಬಡಾವಣೆಯಲ್ಲಿ ಕೊನೆಯ ಬಾಡಿಗೆ ಮನೆ ನನ್ನದು. ಹಂಪಸಾಗರದವನು, ಇಲ್ಲಿನ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಯುಗಾದಿ ಹೊತ್ತಿಗೆ ಬಂದೆ. ಮನೆಗೆ ಬಂದವರ ಲೆಕ್ಕವನ್ನು ಡೈರಿಯಲ್ಲಿ ಇಡುತ್ತೇನೆ. ಅಲ್ಲಿಯವರೆಗಿನ ಲೆಕ್ಕ: ಕರೆಂಟಿನ ಮೀಟರ್ ನೋಡುವವರು, ಗ್ಯಾಸ್ ಸಿಲಿಂಡರಿನವರು, ಮನೆ ತಪ್ಪಿ ಬಂದವರೊಬ್ಬರು. ಈ ಕೊನೆಯವರು ನೀರು ಕುಡಿದು ಹೋದರು. ಆದ್ದರಿಂದ ಅವರನ್ನು ಅತಿಥಿಯೆಂದು ನಮೂದಿಸಿದ್ದೇನೆ.

ಕಾರಣ ಹುಡುಕಿದೆ. ನನಗೂ ಎದುರಿನ ಗಿರಿಜಕ್ಕನ ಮನೆಗೂ ನಡುವೆ ಜಾಲಿ ಬೆಳೆದ ಖಾಲಿ ಸೈಟುಗಳು. ಬೀದಿದೀಪ ಇತ್ತ ಮುಟ್ಟುವುದಿಲ್ಲ. ಕತ್ತಲಾದರೆ ನನ್ನ ಮನೆ ಇದೆಯೆಂದೇ ತಿಳಿಯದು. ಕಾಣದ ಮನೆಗೆ ಯಾರು ತಾನೇ ಬಂದಾರು? ಬೇಕಾದದ್ದು ಲೈಟು!

ಅಂಗಡಿಯವರು ಮೊದಲು ಸೆನ್ಸರ್ ಬಲ್ಬು ತೋರಿಸಿದರು. ಯಾರಾದರೂ ಬಾಗಿಲಿಗೆ ಬಂದರೆ ಮಾತ್ರ ಹತ್ತುತ್ತದಂತೆ. ಬೇಡವೆಂದೆ. ನಮ್ಮ ಮನೆಯಲ್ಲಿ ಅದು ಹತ್ತದೆಯೇ ಹಳೆಯದಾಗುತ್ತಿತ್ತು. ಸಣ್ಣ ಹಳದಿ ಬಲ್ಬು ಮಂಕೆನಿಸಿತು. ಕೊನೆಗೆ ಎಲ್ಲಕ್ಕಿಂತ ದೊಡ್ಡ ಬಿಳಿ ಫೋಕಸ್ ಲೈಟನ್ನು ಆರಿಸಿದೆ.

ಹೊಸ ಗಿಲಾವಿನ ಗೋಡೆಗೆ ಮೊಳೆ ಹೊಡೆಯಬಾರದೆಂದು ಮಾಲೀಕರ ಕಟ್ಟಪ್ಪಣೆ. ಅಂಗಳದಲ್ಲಿ ಬಿದಿರಿನ ಗಳ ನೆಟ್ಟು ಅದಕ್ಕೇ ಲೈಟು ಕಟ್ಟಿದೆ. ಬಂದವರು ನಿಲ್ಲಬಾರದಲ್ಲ? ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಸಾಲಾಗಿ ಇಟ್ಟೆ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಹೊಸ್ತಿಲಲ್ಲಿ ಕೂತೆ.

ಹತ್ತು ನಿಮಿಷಕ್ಕೆ ಜನ ಬಂದರು!

ಮೊದಲು ಬಂದವರು ನಿವೃತ್ತ ಗ್ಯಾಂಗ್‌ಮನ್ ವೀರಭದ್ರಜ್ಜ. ಚಪ್ಪಲಿ ದೂರ ಬಿಟ್ಟು, ನನ್ನ ಭುಜ ಮುಟ್ಟಿ, ಕುರ್ಚಿಯಲ್ಲಿ ಕೂತರು. ಹಿಂದೆಯೇ ಇನ್ನಷ್ಟು ಜನ. ಎಲ್ಲರೂ ತಲೆ ತಗ್ಗಿಸಿ ಕೂತರು. ಎಷ್ಟು ಗಂಭೀರ ಸಜ್ಜನರ ಬಡಾವಣೆ ಎಂದು ಟವೆಲ್ಲಿನಿಂದ ಕಣ್ಣೊರೆಸಿಕೊಂಡೆ. ಅದನ್ನು ಕಂಡು ಒಬ್ಬಾಕೆಯೂ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಗಿರಿಜಕ್ಕ ಡಬ್ಬಿ ತುಂಬ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದರು.

"ಉಣ್ಣಪ್ಪಾ. ಹೊಟ್ಟಿ ಕಟ್ಟಿ ಕುಂತ್ರ ಹೋದೋರು ಬರ್ತಾರೇನು?"

ಹೋದವರು ಯಾರೆಂದು ಕೇಳಬಹುದಿತ್ತು. ಆದರೆ ಎಷ್ಟೋ ದಿನಗಳ ಮೇಲೆ ಯಾರೋ ಬಡಿಸುತ್ತಿದ್ದರು. ಮೂರು ರೊಟ್ಟಿ ಉಂಡು ನಾಲ್ಕನೆಯದಕ್ಕೆ ಕೈ ಚಾಚಿದಾಗ ಅಜ್ಜ ನನ್ನನ್ನೇ ದಿಟ್ಟಿಸಿದರು.

"ತಮ್ಮಾ, ತೀರಿಕೊಂಡೋರು ನಿನಗೇನಾಗಬೇಕು?"

"ಯಾರೂ ತೀರಿಕೊಂಡಿಲ್ರಿ ಅಜ್ಜಾರ."

"ಮತ್ತ ಈ ಲೈಟು?"

ಅಂಗಳದಲ್ಲಿ ಗಳ, ಗಳಕ್ಕೆ ಬಿಳಿ ಲೈಟು, ಮುಂದೆ ಸಾಲು ಕುರ್ಚಿ. ನಮ್ಮ ಕಡೆ ಇದು ಯಾವ ಮನೆಯ ಗುರುತೆಂದು ಹಂಪಸಾಗರದಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ನೆನಪಾಗಲಿಲ್ಲ ಅಷ್ಟೆ! ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ರೊಟ್ಟಿ ಬಂದಿತ್ತು.

ಯಾರೂ ಬೈಯಲಿಲ್ಲ, ಜಳಕದ ಚರ್ಚೆ ಶುರುವಾಯಿತು. ಸಾವಿನ ಮನೆಗೆ ಹೋದವರು ಜಳಕ ಮಾಡಲೇಬೇಕು, ಆದರೆ ನಲ್ಲಿ ನೀರು ಬಂದು ವಾರವಾಗಿತ್ತು. ಸತ್ತವರೇ ಇಲ್ಲದ ಮೇಲೆ ಮೈಲಿಗೆ ಯಾರದು ಎಂದು ಕೆಲವರ ವಾದ. ಅಜ್ಜ ತೀರ್ಪು ಕೊಟ್ಟರು: "ಹೆಣ ಇಲ್ಲಂದ್ರೂ ನಾವು ಅತ್ತದ್ದು ಖರೆ ಐತಿ. ಜಳಕ ಮಾಡ್ರಿ."

ಎಲ್ಲರೂ ಮನೆಯಲ್ಲಿ ಉಳಿದ ಕೊಡಗಳ ನೀರನ್ನು ಲೆಕ್ಕ ಹಾಕುತ್ತ ಹೋದರು. ನಾನೂ ಸ್ನಾನ ಮಾಡಿದೆ. ಯಾರ ಸಲುವಾಗಿ ಎಂದು ಈಗಲೂ ತಿಳಿದಿಲ್ಲ.

ಸೋಲೊಪ್ಪದೆ ಮರುವಾರ ಬಣ್ಣದ ಸೀರಿಯಲ್ ಸೆಟ್ ಇಳಿಬಿಟ್ಟೆ. ಇದರಲ್ಲಿ ದುಃಖದ ಸುಳಿವೂ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಬ್ಯಾಂಡಿನವರೊಬ್ಬರು ಇಳಿದು, ಮೆರವಣಿಗೆ ಯಾವ ದಾರಿಯಲ್ಲಿ ಎಂದು ಕೇಳಿದರು. ಗಿರಿಜಕ್ಕ ಹೊಸ ಸೀರೆ ಉಟ್ಟು ಖಾಲಿ ಸೈಟು ದಾಟಿ ಬಂದರು.

"ಹೆಣ್ಣು ಎಲ್ಲಿ ಅದಾಳಪ್ಪಾ?"

"ಇಲ್ರಿ ಅಕ್ಕಾ."

"ಇಲ್ಲಂದ್ರ?"

"ಲೈಟಷ್ಟ ಐತ್ರಿ."

ಆಕೆ ಲೈಟಿನ ಮಾಲೆಗಳನ್ನೂ ನನ್ನನ್ನೂ ಒಂದು ಗಳಿಗೆ ನೋಡಿದರು. "ಹುಚ್ಚ ಖೋಡಿ" ಎಂದು ಸೆರಗು ಬಾಯಿಗೆ ಹಿಡಿದು ನಗುತ್ತ ಹೋದರು. ಆ ನಗು ಅವರು ಮನೆಯ ಬಾಗಿಲು ಹಾಕಿಕೊಳ್ಳುವವರೆಗೂ ಕೇಳುತ್ತಿತ್ತು. ಕೇಳುತ್ತ ನಿಂತಿದ್ದೆ.

ಈಗ ಎಲ್ಲರ ಮನೆಯಂತೆ ನನ್ನ ಬಾಗಿಲ ಮೇಲೂ ಸಣ್ಣ ಹಳದಿ ಬಲ್ಬು. ಮಾಲೀಕರೇ ಬಂದು ಮೊಳೆ ಹೊಡೆದು ಕೊಟ್ಟರು. ಬಡಾವಣೆಯಲ್ಲಿ ಯಾರದೂ ಆಕ್ಷೇಪವಿಲ್ಲ. ಡೈರಿಯ ಲೆಕ್ಕ ಹೀಗಿದೆ. ಬಿಳಿ ಲೈಟಿಗೆ ಬಂದವರು ಹನ್ನೊಂದು ಮಂದಿ, ಬಣ್ಣದ ಲೈಟಿಗೆ ಇಬ್ಬರು, ಹಳದಿ ಬಲ್ಬಿಗೆ ಒಂದು ಹಲ್ಲಿ. ಹಲ್ಲಿ ದಿನವೂ ಬರುತ್ತದೆ.

ಗಿರಿಜಕ್ಕನ ರೊಟ್ಟಿ ಡಬ್ಬಿ ಇನ್ನೂ ನನ್ನಲ್ಲೇ ಇದೆ. ತೊಳೆದು ಒರೆಸಿ, ಕಿಟಕಿಯಲ್ಲಿ ಅವರಿಗೆ ಕಾಣುವಂತೆ ಇಟ್ಟಿದ್ದೇನೆ. ಕೊಟ್ಟುಬಿಟ್ಟರೆ ಅದನ್ನು ಕೇಳುವ ನೆಪಕ್ಕೂ ಅವರು ಬರಲಾರರು.

ಓದುಗರಲ್ಲಿ ವಿದ್ಯುತ್ ಬಲ್ಲವರು ಇದ್ದೀರಿ. ಸಾವೂ ಇಲ್ಲದ, ಮದುವೆಯೂ ಇಲ್ಲದ ಮನೆಗೆ ಸಂಜೆ ಹೊತ್ತು ಸುಮ್ಮನೆ ಬಂದು ಕೂತು ಹೋಗಿ ಎಂದು ಹೇಳುವ ಲೈಟು ಯಾವುದು? ಎಷ್ಟು ವ್ಯಾಟಿನದು? ತಿಳಿದವರು ದಯವಿಟ್ಟು ಬರೆಯಿರಿ. ಈ ಕಡೆ ಬರುವುದಿದ್ದರೆ ಬಾಯಲ್ಲೇ ಹೇಳಿದರೂ ಆದೀತು. ಎರಡು ಕುರ್ಚಿ ಸ್ವಂತಕ್ಕೆ ಕೊಂಡಿದ್ದೇನೆ. ಒಂದು ಇನ್ನೂ ಹೊಸದಾಗಿಯೇ ಇದೆ.