‘ಸಾಕು’ ಇಲಾಖೆ ರದ್ದಾದ ಪ್ರಸಂಗ

ಬಹಳ ಹಿಂದೆ, ಎಷ್ಟೆಂದರೆ ಹೆಚ್ಚುಕಡಿಮೆ ನಿಮ್ಮ ಬೆನ್ನಿನಷ್ಟು ಹಿಂದೆ, ತನುಪುರಿ ಎಂಬ ರಾಜ್ಯವೊಂದಿತ್ತು. ಅದನ್ನು ಹುಡುಕಲು ಭೂಪಟ ಬಿಚ್ಚಬೇಡಿ. ದಿನವೂ ಅದಕ್ಕೆ ಸ್ನಾನ ಮಾಡಿಸಿ ಅಂಗಿ ತೊಡಿಸುವವರು ನೀವೇ. ಸುತ್ತ ಚರ್ಮದ ಕೋಟೆ, ಒಳಗೆ ನೆತ್ತರಿನ ಕಾಲುವೆಗಳು, ತುತ್ತತುದಿಯಲ್ಲಿ ಅರಮನೆ. ಅಲ್ಲಿ ಶ್ರೀಮನ್ಮಹಾರಾಜಾಧಿರಾಜ ಊರ್ಧ್ವಶೇಖರ ಭೂಪಾಲರು ವಿರಾಜಮಾನರಾಗಿದ್ದರು. ಕೆಳಗೆ ಕಾಲೆಂಬುದೊಂದಿದೆ ಎಂದು ಅವರಿಗೆ ನೆನಪಾಗುತ್ತಿದ್ದುದು ಎಡವಿದಾಗ ಮಾತ್ರ.

ಕಾಲುವೆಗಳ ದಂಡೆಯುದ್ದಕ್ಕೂ ಬಿಳಿಪಡೆ ಕಾವಲಿತ್ತು. ಈಗಿನ ಡಾಕ್ಟರುಗಳು ಇವರನ್ನೇ ಬಿಳಿ ರಕ್ತಕಣ ಎಂದು ಸಪ್ಪೆಯಾಗಿ ಕರೆಯುತ್ತಾರೆ. ಕೋಟೆ ಬಿರುಕುಬಿಟ್ಟು ಕಳ್ಳರು, ಅಂದರೆ ರೋಗಾಣುಗಳು, ನುಗ್ಗಿದರೆ ಬಿಳಿಪಡೆ ಅಲ್ಲಿಗೆ ಓಡಿ ಬೆಂಕಿ ಹಚ್ಚುತ್ತಿತ್ತು. ಕೇರಿ ಕೆಂಪಾಗಿ ಊದಿಕೊಂಡು ಕಾಯುತ್ತಿತ್ತು, ಕಳ್ಳರು ಸಾಯುತ್ತಿದ್ದರು. ಈ ಉರಿ ಬೇಕಾದದ್ದೇ. ಆದರೆ ಹಚ್ಚುವವರಿಗೆ ಆರಿಸುವುದು ಗೊತ್ತಿರಲಿಲ್ಲ. ಅದಕ್ಕೆಂದೇ ‘ಸಾಕು’ ಇಲಾಖೆ ಇತ್ತು. ಅದರ ಅಧಿಕಾರಿ, ಗುಮಾಸ್ತೆ, ಜವಾನ ಎಲ್ಲವೂ ಸಾಕಮ್ಮ ಎಂಬ ಒಬ್ಬಳೇ ಹೆಂಗಸು.

ಏಳನೆಯದೂ ಹೆಣ್ಣಾದಾಗ ಅವಳ ತಂದೆ ದೇವರಿಗೆ ಸಲ್ಲಿಸಿದ ಅರ್ಜಿ ಆ ಹೆಸರು. ದೇವರು ಅರ್ಜಿ ಓದಲಿಲ್ಲ, ಎಂಟನೆಯದೂ ಹೆಣ್ಣೇ ಆಯಿತು. ಬಿಳಿಪಡೆಯವರು ಮಾತ್ರ ಅವಳ ಮಾತು ಕೇಳುತ್ತಿದ್ದರು. ಉರಿಯುವ ಕೇರಿಗೆ ಹೋಗಿ, ಮಗುವಿನ ಹಣೆ ಮುಟ್ಟುವ ಹಾಗೆ ಕೈ ಮಗುಚಿ ಗೋಡೆಯ ಬಿಸಿ ನೋಡಿ, ‘ಸಾಕು’ ಎಂದಳೆಂದರೆ ಎತ್ತಿದ ಕೊಳ್ಳಿ ಕೆಳಗಿಳಿಯುತ್ತಿತ್ತು. ಹೇಳುವುದು ಸುಲಭ, ಯಾವಾಗ ಹೇಳಬೇಕೆಂಬುದೇ ಕಷ್ಟ. ಒಮ್ಮೆ ಗಂಟಲುಪೇಟೆಯ ಜನ ಉರಿ ತಾಳಲಾರದೆ ನಿಲ್ಲಿಸಮ್ಮ ಎಂದು ಕಾಲಿಗೆ ಬಿದ್ದರು. "ಅಟ್ಟದ ಮ್ಯಾಲೆ ಇನ್ನೂ ಇಬ್ರು ಕಳ್ರು ಅವ್ರೆ. ಈಗ ನಿಲ್ಸುದ್ರೆ ನಾಳಿಕ್ಕೆ ಇನ್ನೂರು ಜನ ಆಯ್ತಾರೆ. ತಡ್ಕಳಿ" ಎಂದಳು. ಇಬ್ಬರೂ ಸತ್ತ ಮೇಲೆಯೇ ‘ಸಾಕು’ ಎಂದಳು.

ವರ್ಷಕ್ಕೊಮ್ಮೆ ತೋಳುಪೇಟೆಯಲ್ಲಿ ಕಂಬಳಿ ಕವಾಯತು ನಡೆಯುತ್ತಿತ್ತು. ನಾವು ಲಸಿಕೆ ಎನ್ನುತ್ತೇವಲ್ಲ, ಅದು. ನೆರೆರಾಜ್ಯದಲ್ಲಿ ಸತ್ತ ಕಳ್ಳನ ಕಂಬಳಿಯನ್ನು ತರಿಸಿ ಕೋಲಿಗೆ ನೇತುಹಾಕುವುದು, ಬಿಳಿಪಡೆಯವರು ಅದರ ಬಣ್ಣ, ಪಟ್ಟೆ, ಹೊಲಿಗೆಯನ್ನು ಕಣ್ಣಿನಲ್ಲಿ ತುಂಬಿಕೊಳ್ಳುವುದು. ಒಂದು ದಿನ ತೋಳುಪೇಟೆ ಸ್ವಲ್ಪ ಬಿಸಿಯಾಗುತ್ತಿತ್ತು, ಸಾಕಮ್ಮ ಸಾಕೆಂದ ಮೇಲೆ ತಣ್ಣಗಾಗುತ್ತಿತ್ತು. ಮುಂದೆ ಅಂಥ ಕಂಬಳಿಯ ಕಳ್ಳ ಕೋಟೆಗೆ ಕಾಲಿಟ್ಟರೆ ಬಾಗಿಲಲ್ಲೇ ಹಿಡಿಯುತ್ತಿದ್ದರು. ಯಾರೂ ಸಾಯದ್ದರಿಂದ ಇದು ಯಾರಿಗೂ ಸುದ್ದಿಯಾಗಲಿಲ್ಲ.

ಹೀಗಿರಲು ಕೀರ್ತಿಸಚಿವ ಜಯಘೋಷಯ್ಯ ಎಲ್ಲ ಇಲಾಖೆಗಳ ಪರ್ಫಾರ್ಮೆನ್ಸ್ ರಿವ್ಯೂ ಇಟ್ಟ. ಬಿಳಿಪಡೆಯ ದಳವಾಯಿ ಧಗಧಗರಾಯ ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದು ನಿಂತ. ಸಾಕಮ್ಮ ಸೆರಗಿಗೆ ಕೈ ಒರೆಸಿಕೊಂಡು ನಿಂತಳು.

"ಪ್ರಭು, ದಳವಾಯಿಗಳು ಈ ವರ್ಷ ನಾನೂರ ಹನ್ನೆರಡು ಕಡೆ ಬೆಂಕಿ ಹಚ್ಚಿದ್ದಾರೆ" ಎಂದ ಜಯಘೋಷಯ್ಯ. "ಒಂದೊಂದಕ್ಕೂ ಫೋಟೋ ಇದೆ. ಈ ಹೆಂಗಸಿನ ಫೈಲಿನಲ್ಲಿ ನಾನೂರ ಹನ್ನೆರಡು ಕಡೆಯೂ ‘ಆಮೇಲೆ ಏನೂ ಆಗಲಿಲ್ಲ’ ಎಂದು ಬರೆದಿದೆ."

"ಏನೂ ಆಗಲಿಲ್ಲವೆ?" ಎಂದು ಮಹಾರಾಜರು ಕನಿಕರದಿಂದ ಕೇಳಿದರು.

"ಇಲ್ಲ ಬುದ್ಧಿ. ಆಗ್ದಂಗೆ ನೋಡ್ಕಳಾದೇ ನನ್ ಕೆಲ್ಸ" ಎಂದಳು ಸಾಕಮ್ಮ.

"ಆಗದೆ ಇರುವುದನ್ನು ಜನರಿಗೆ ತೋರಿಸುವುದು ಹೇಗೆ?" ಎಂದು ಜಯಘೋಷಯ್ಯ ಫೈಲು ಮುಚ್ಚಿದ.

ಧಗಧಗರಾಯ ಮುಂದೆ ಬಂದು ನಡು ಬಗ್ಗಿಸಿದ. "ಮಹಾಪ್ರಭು, ನಮ್ಮವರ ಹುರುಪು ನೆತ್ತಿಗೇರಿರುವಾಗ ಈಕೆ ಬಂದು ಸಾಕು ಎನ್ನುತ್ತಾಳೆ. ಪಡೆಯ ಮೊರೇಲ್ ಕುಸಿಯುತ್ತಿದೆ. ಅದಿರಲಿ, ತಮ್ಮಂಥ ಅಪಾರಮಹಿಮರ ರಾಜ್ಯದಲ್ಲಿ ‘ಸಾಕು’ ಎಂಬುದು ಆಡುವ ಮಾತೇ? ತಮ್ಮ ಕೀರ್ತಿ ಸಾಕೆ? ತಮ್ಮ ಆಯುಸ್ಸು ಸಾಕೆ?"

ಆಯುಸ್ಸಿನ ಮಾತು ಬಂದಾಗ ಮಹಾರಾಜರು ನೆಟ್ಟಗೆ ಕೂತರು.

ಅಂದೇ ರಾಜಾಜ್ಞೆ ಹೊರಟಿತು. ‘ಸಾಕು’ ಇಲಾಖೆ ರದ್ದು. ‘ಸಾಕು’ ಎಂಬ ಪದವನ್ನು ಆಡುವುದು, ಬರೆಯುವುದು, ಮನಸ್ಸಿನಲ್ಲಿ ಅಂದುಕೊಳ್ಳುವುದು ದಂಡನಾರ್ಹ. ಸಾಕುನಾಯಿಗಳು ಇನ್ನು ಮುಂದೆ ಬೇಕುನಾಯಿಗಳು, ಸಾಕುತಂದೆಯರು ಬೇಕುತಂದೆಯರು. ಸಾಕಮ್ಮನೆಂಬ ಮಾಜಿ ನೌಕರಳು ಬೇಕಮ್ಮನೆಂದು ಹೆಸರು ಬದಲಿಸಿಕೊಳ್ಳತಕ್ಕದ್ದು. ಕಂಬಳಿಯ ಜೊತೆ ಯುದ್ಧ ಮಾಡುವುದು ಶೂರರಿಗೆ ಹೇಳಿಸಿದ್ದಲ್ಲವಾದ್ದರಿಂದ ಕವಾಯತೂ ರದ್ದು. ಆ ವರ್ಷ ಬಂದಿದ್ದ ಹೊಸ ಕಂಬಳಿಗೆ ಹಾರ ಹಾಕಿ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇಟ್ಟರು.

ಆಜ್ಞೆಯ ಸಂತೋಷಕ್ಕೆ ಹೋಳಿಗೆ ಊಟ ಏರ್ಪಟ್ಟಿತು. ಬಡಿಸುವವರು ಬಂದರು. ಬಾಯಲ್ಲಿ ಹೇಳುವಂತಿಲ್ಲ, ಎಲೆಗೆ ಕೈ ಅಡ್ಡ ಹಿಡಿಯುವುದೂ ಅದೇ ಪದದ ಸಂಜ್ಞೆ ಎಂದು ಜಯಘೋಷಯ್ಯ ಮೊದಲೇ ಎಚ್ಚರಿಸಿದ್ದ. ಹತ್ತೊಂಬತ್ತನೆಯ ಹೋಳಿಗೆಗೆ ಮುಜರಾಯಿ ಮಂತ್ರಿ ಎಲೆಯ ಮೇಲೇ ಒರಗಿದರು. ಸ್ವಾಮಿಭಕ್ತಿಯ ಆಧಿಕ್ಯದಿಂದ ಮೂರ್ಛೆ ಹೋದರೆಂದು ಗೆಜೆಟ್ಟಿನಲ್ಲಿ ಬಂತು. ತಮ್ಮ ಹೊಟ್ಟೆ ಹೇಳಿದ್ದನ್ನೇ ಕೇಳದ ಮಂದಿ ಊರಿನ ಕಷ್ಟ ಕೇಳುತ್ತಾರೆಯೇ? ನನಗಂತೂ ಅವರನ್ನು ಕಂಡು ಅಯ್ಯೋ ಅನಿಸುವುದಿಲ್ಲ.

ಕೆಲಸ ಕಳೆದುಕೊಂಡ ಸಾಕಮ್ಮ ಮೊಣಕಾಲ ಸೀಮೆಯ ಕೀಲುಕೇರಿಗೆ, ಅಕ್ಕ ದೇವೀರಮ್ಮನ ಮನೆಗೆ ಹೋದಳು. ರಾಜ್ಯದ ಬಾಗಿಲು, ಬಂಡಿಗಳಿಗೆಲ್ಲ ಕೀಲೆಣ್ಣೆ ಹಾಕುವವರ ಕೇರಿ ಅದು. ಅವರಿದ್ದದ್ದರಿಂದಲೇ ತನುಪುರಿ ಕೂತದ್ದು ಏಳುತ್ತಿತ್ತು, ಎದ್ದದ್ದು ನಡೆಯುತ್ತಿತ್ತು. ಆ ಜನ ಹೊದೆಯುತ್ತಿದ್ದುದು ಪಟ್ಟೆಕಂಬಳಿ. ಅರಮನೆಯಲ್ಲಿ ಹಾರ ಹಾಕಿಸಿಕೊಂಡ ಕಳ್ಳನ ಕಂಬಳಿಗೂ ಅಂಥದೇ ಪಟ್ಟೆ. ವ್ಯತ್ಯಾಸ ಇದ್ದದ್ದು ಅಂಚಿನ ಹೊಲಿಗೆಯಲ್ಲಿ. ಕವಾಯತು ನಡೆದಿದ್ದರೆ ಬಿಳಿಪಡೆಯವರು ಅದನ್ನು ನೋಡಿಕೊಂಡಿರುತ್ತಿದ್ದರು.

ತಿಂಗಳು ತುಂಬುವುದರೊಳಗೆ ಹೆಬ್ಬೆರಳೂರಿನಲ್ಲಿ ಜಾಲಿಮುಳ್ಳೊಂದು ಕೋಟೆ ತೂರಿತು. ಅದರ ಹಿಂದೆ ಪಟ್ಟೆಕಂಬಳಿ ಹೊದ್ದ ಇಪ್ಪತ್ತೇಳು ಕಳ್ಳರು ಬಂದರು. ಕಾವಲಿನವರು ಕೀಲುಕೇರಿಯ ನೆಂಟರಿರಬೇಕೆಂದು ದಾರಿ ಬಿಟ್ಟರು. ಮೂರು ದಿನ ಕಂಡದ್ದನ್ನೆಲ್ಲ ದೋಚಿ ಕೊಬ್ಬಿ ಅವರು ಕೀಲುಕೇರಿಗೇ ನುಗ್ಗಿದಾಗ ಧಗಧಗರಾಯನಿಗೆ ಎಚ್ಚರವಾಯಿತು. ಪಡೆ ಬಂತು, ಬೆಂಕಿ ಬಿತ್ತು. ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಇಪ್ಪತ್ತೇಳೂ ಹೆಣಗಳು ಬೀದಿಯಲ್ಲಿ ಸಾಲಾಗಿ ಬಿದ್ದಿದ್ದವು.

ಕೆಲಸ ಮುಗಿದಿತ್ತು. ಆದರೆ ಪಟ್ಟೆಕಂಬಳಿಗಳು ಮನೆಮನೆಯಲ್ಲೂ ಇದ್ದವು. ಪಡೆ ಮನೆಗಳಿಗೆ ತಿರುಗಿತು.

ಅಕ್ಕನ ಮನೆಯ ಬಾಗಿಲಿಗೆ ಅಡ್ಡ ನಿಂತ ಸಾಕಮ್ಮ ಗೋಡೆಗೆ ಕೈ ಮಗುಚಿ ನೋಡಿದಳು. ಯಾವಾಗಲೋ ‘ಸಾಕು’ ಎನ್ನಬೇಕಾಗಿದ್ದ ಬಿಸಿ. ಎದುರಿಗೆ ಕೊಳ್ಳಿ ಹಿಡಿದು ಬಂದವನು ಕೆಂಡಯ್ಯ, ಅವಳಿಗೆ ಹಳೆಯ ಪರಿಚಯದವನು.

"ಕೆಂಡಯ್ಯ, ಬಂದವ್ರು ಇಪ್ಪತ್ತೇಳು ಜನ. ಎಲ್ಲಾ ಅಲ್ಲೇ ಬಿದ್ದವ್ರೆ, ಎಣ್ಸ್ಕಾ."

"ಎಣ್ಸಿವ್ನಿ ಕಣವ್ವ."

"ಮತ್ತೆ ಇದ್ಯಾಕೆ?"

"ಶುರು ಮಾಡಕೆ ಆರ್ಡರ್ ಅದೆ, ನಿಲ್ಸಕೆ ಇಲ್ಲ. ನೀನು ಹೇಳ್ತಿದ್ದೆ, ನಿಲ್ಲಿಸ್ತಿದ್ವಿ. ಈಗ ಆ ಮಾತು ಕಿವಿಗೆ ಬಿದ್ರೆ ಕಿವಿ ಮುಚ್ಕಬೇಕು ಅಂತ ಹೆಬ್ಬೆಟ್ಟು ಒತ್ತಿಸ್ಕಂಡವ್ರೆ."

ಒಳಗಿಂದ ದೇವೀರಮ್ಮ ಕೂಗಿದಳು. "ಸಾಕಿ, ಅವ್ರ್ ಜೊತೆ ಏನ್ ಮಾತು? ಹಿತ್ಲಿಂದ ಹೊಂಟೋಗು, ನಿನ್ನೂ ಸುಟ್ಟಾರು."

ಸಾಕಮ್ಮ ಹೋಗಲಿಲ್ಲ. ದನಿ ಎತ್ತರಿಸದೆ, ಎಂದಿನ ಹಾಗೆ, "ಸಾಕು" ಎಂದಳು.

ಕೆಂಡಯ್ಯನ ಕೊಳ್ಳಿ ಇಳಿಯಿತು. ಅವನ ಹಿಂದಿದ್ದ ಇಬ್ಬರ ಕೊಳ್ಳಿಗಳೂ ಇಳಿದವು. ಹೆಬ್ಬೆಟ್ಟು ಒತ್ತಿದ್ದನ್ನು ಕೈ ಮರೆತಿತ್ತು. ಒಂದು ಗಳಿಗೆ ಇಡೀ ಬೀದಿಯ ಕೊಳ್ಳಿಗಳು ಕೆಳಗಿದ್ದವು. ಇನ್ನೊಂದು ಗಳಿಗೆ ಹಾಗೇ ಇದ್ದಿದ್ದರೆ ಕೀಲುಕೇರಿ ಉಳಿಯುತ್ತಿತ್ತು.

ಕುದುರೆಯ ಮೇಲಿದ್ದ ಧಗಧಗರಾಯ, "ಯಾರದು ನಿಷಿದ್ಧಪದ ಉಚ್ಚರಿಸಿದ್ದು? ಕಹಳೆ ಊದಿ" ಎಂದ. ಕಹಳೆಗಳ ಅಬ್ಬರಕ್ಕೆ ಕೊಳ್ಳಿಗಳು ಮತ್ತೆ ಮೇಲೆದ್ದವು. ಸಾಕಮ್ಮನ ಕೈಕಟ್ಟಿ ಎಳೆದುಕೊಂಡು ಹೋದರು. ತಿರುವಿನಲ್ಲಿ ಹೊರಳಿ ನೋಡಿದಾಗ ಅಕ್ಕನ ಮನೆಯ ಸೂರು ಹತ್ತಿಕೊಂಡಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಉರಿ ಕಾಲುವೆಗಳ ಗುಂಟ ಏರಿ ಅರಮನೆಯನ್ನೂ ಮುಟ್ಟಿತು. ಮಹಾರಾಜರು ಗಡಗಡ ನಡುಗುತ್ತ ಸಿಂಹಾಸನವನ್ನೇ ತಮ್ಮ ಅತ್ತೆ ಎಂದು ತಿಳಿದು ನಮಸ್ಕಾರ ಮಾಡತೊಡಗಿದರು. ಮೈಬಿಸಿ ನೂರಾನಾಲ್ಕಕ್ಕೆ ಏರಿತ್ತು. ಜಯಘೋಷಯ್ಯ ಅದನ್ನು ರಾಜತೇಜಸ್ಸು ಎಂದು ಘೋಷಿಸಿದ. ಹಿಂದಿನ ದೊರೆಗಳಲ್ಲಿ ಒಬ್ಬರೂ ತೊಂಬತ್ತೊಂಬತ್ತನ್ನು ದಾಟಿರಲಿಲ್ಲವೆಂದು ಪತ್ರಿಕಾ ಹೇಳಿಕೆ ಕೊಟ್ಟ.

ಒಂಬತ್ತು ದಿನಕ್ಕೆ ಬೆಂಕಿ ತಾನಾಗಿಯೇ ಆರಿತು. ಸುಡಲು ಕೀಲುಕೇರಿಯಲ್ಲಿ ಏನೂ ಉಳಿದಿರಲಿಲ್ಲ. ಆರಿತಲ್ಲ ಎಂಬ ಆಧಾರದ ಮೇಲೆ ಧಗಧಗರಾಯನಿಗೆ ‘ಅಗ್ನಿಶಾಮಕ ಶಿರೋಮಣಿ’ ಎಂಬ ಬಿರುದು, ರತ್ನದ ಕಿರೀಟ, ಮಹಾರಾಜರ ಪಕ್ಕದಲ್ಲಿ ಆಸನ ದೊರೆತವು. ಕೀಲುಕೇರಿಯ ಜನ ಸಮಾರಂಭಕ್ಕೆ ಬಂದು ಉಪಕಾರ ಸ್ಮರಿಸತಕ್ಕದ್ದೆಂದು ಡಂಗುರ ಸಾರಿದರು. ದಾರಿ ತೋರಿಸಲೆಂದು ಸಾಕಮ್ಮನನ್ನು ಸೆರೆಯಿಂದ ಬಿಟ್ಟರು.

ಅವರು ಬಂದರು. ಬೆಂದ ಮೊಣಕಾಲು, ಬೆಂದ ನಡು. ಒಬ್ಬರಿಗೂ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಮುನ್ನೂರು ಜನ ನೆಲ ನೋಡುತ್ತ, ಗೋಡೆ ಹಿಡಿಯುತ್ತ ಸಭೆಗೆ ಬಂದು ಹಾಗೇ ಬಾಗಿಕೊಂಡು ನಿಂತರು. ಸಿಂಹಾಸನದ ಮೇಲೆ ಮಹಾರಾಜರ ಕಣ್ಣು ತುಂಬಿ ಬಂತು.

"ನಮ್ಮ ತಂದೆಯವರ ಕಾಲದಲ್ಲೂ ಇಂಥ ವಿನಯ ಕಂಡಿರಲಿಲ್ಲ" ಎಂದರು.

"ಎಲ್ಲವೂ ದಳವಾಯಿಗಳ ಶ್ರಮ, ಪ್ರಭು" ಎಂದ ಜಯಘೋಷಯ್ಯ.

ಸಾಲಿನ ಕೊನೆಯಲ್ಲಿ ದೇವೀರಮ್ಮ ಇದ್ದಳು. ತಂಗಿ ಕರೆದದ್ದು ಕೇಳಿ ಕತ್ತೆತ್ತಲು ನೋಡಿದಳು, ಆಗಲಿಲ್ಲ. "ನಿನ್ ಮಕಾನೇ ಕಾಣಕಿಲ್ವಲ್ಲೇ ಸಾಕಿ" ಎಂದಳು. ಸಾಕಮ್ಮ ಅಕ್ಕನ ಮುಖ ನೋಡಲೆಂದು ನಡು ಬಗ್ಗಿಸಿ, ಇನ್ನೂ ಬಗ್ಗಿಸಿ, ನೆಲಕ್ಕೆ ಕೈ ಊರಿದಳು.

ಮಾಜಿ ಅಧಿಕಾರಿಯೂ ಶರಣಾಗತಳಾದಳೆಂದು ಜಯಘೋಷಯ್ಯ ಬರೆದುಕೊಂಡ. ಸಭೆ ಚಪ್ಪಾಳೆ ತಟ್ಟಿತು. ಮಹಾರಾಜರು ಸಂತುಷ್ಟರಾಗಿ, ಇನ್ನು ಮುಂದೆ ತನುಪುರಿಯ ಪ್ರಜೆಗಳೆಲ್ಲರೂ ಹೀಗೆಯೇ ನಿಲ್ಲತಕ್ಕದ್ದು, ಹೀಗೆಯೇ ನಡೆಯತಕ್ಕದ್ದು ಎಂದು ಅಪ್ಪಣೆ ಕೊಡಿಸಿದರು. ಪ್ರಜೆಗಳು ಹಾಗೆಯೇ ನಡೆಯುತ್ತಿದ್ದಾರೆ.